ಪುಟಲೋಪ ಮತ್ತು ಅಧಿಕಾರದ ಹಂಚಿಕೆ: ಮೈಕ್ರೋಕರ್ನೆಲ್ ಪದ್ಧತಿಯ ಚರಿತ್ರೆಯಿಂದ ಒಂದು ಅಧ್ಯಾಯ

ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ಕೊಡ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಯಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಿಗೆ ಹೊಸದಾಗಿ ತಿಳಿಸಬೇಕಾದ ಸಂಗತಿಯಲ್ಲ. ಆದರೆ ಆ ಸಾಮ್ರಾಜ್ಯದ ಅವಸಾನವನ್ನು ಬೋಧಿಸುವಾಗ ಪ್ರತಿವರ್ಷವೂ ಒಂದೇ ಪ್ರಶ್ನೆ ನಮ್ಮ ಮುಂದೆ ಬಂದು ನಿಲ್ಲುತ್ತದೆ. ಕ್ರಿ. ಶ. ೯೭೨ರಲ್ಲಿ ಪರಮಾರರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ, ರಾಷ್ಟ್ರಕೂಟರ ಅಧೀನದಲ್ಲಿ ತರ್ದವಾಡಿಯನ್ನು ಆಳುತ್ತಿದ್ದ ಚಾಲುಕ್ಯ ಎರಡನೆಯ ತೈಲಪನು ತನ್ನ ಒಡೆಯನಾದ ಎರಡನೆಯ ಕರ್ಕನನ್ನೇ ಪದಚ್ಯುತಗೊಳಿಸಿದನು. ಎಲ್ಲವನ್ನೂ ತಾನೇ ನಿರ್ವಹಿಸಲಾರದ ಕೇಂದ್ರವು ಕೆಲಸವನ್ನು ಸಾಮಂತರಿಗೆ ಒಪ್ಪಿಸುತ್ತದೆ. ಹಾಗೆ ಒಪ್ಪಿಸಿಕೊಂಡವನು ಕೆಲಸವನ್ನು ಮಾಡದೆ ಹೋದರೆ, ಇಲ್ಲವೆ ಕೊಟ್ಟ ಅಧಿಕಾರವನ್ನು ಕೊಟ್ಟವನ ಮೇಲೆಯೇ ತಿರುಗಿಸಿದರೆ, ಅದರ ಭಾರವನ್ನು ಹೊರುವವರು ಯಾರು?

ಈ ಪ್ರಶ್ನೆಯು ಅರಸೊತ್ತಿಗೆಗಳಿಗೆ ಮಾತ್ರ ಸೀಮಿತವಾದುದಲ್ಲ. ಗಣಕಯಂತ್ರಗಳ ಆಡಳಿತ ವ್ಯವಸ್ಥೆಯಲ್ಲಿ, ಎಂದರೆ ಆಪರೇಟಿಂಗ್ ಸಿಸ್ಟಮ್ ಎಂದು ಕರೆಯಲ್ಪಡುವ ತಂತ್ರಾಂಶದಲ್ಲಿ, ಇದೇ ಪ್ರಶ್ನೆಯು ಸುಮಾರು ಅರ್ಧ ಶತಮಾನದಿಂದ ವಿದ್ವಾಂಸರನ್ನು ಕಾಡಿದೆ. ಅದರ ಒಂದು ಎಳೆಯನ್ನು, ಎಂದರೆ ಪೇಜ್ ಫಾಲ್ಟ್ ಎಂಬ ಘಟನೆಯ ನಿರ್ವಹಣೆಯು ಕೇಂದ್ರದ ಕೈಯಿಂದ ಸಾಮಾನ್ಯ ಪ್ರೋಗ್ರಾಮುಗಳ ಕೈಗೆ ಹೋದ ವೃತ್ತಾಂತವನ್ನು, ಪ್ರಕೃತ ಲೇಖನದಲ್ಲಿ ನಿರೂಪಿಸಲು ಉದ್ದೇಶಿಸಿದ್ದೇವೆ. ಚರಿತ್ರೆಯ ವಿಭಾಗದ ಸಂಚಿಕೆಯಲ್ಲಿ ಇಂತಹ ವಿಷಯವೇಕೆಂದು ಕೆಲವರಿಗೆ ಅನ್ನಿಸಬಹುದು. ನಾಣ್ಯಗಳ ತೂಕವೂ ಕೆರೆಗಳ ತೂಬೂ ಚರಿತ್ರೆಯ ವಿಷಯಗಳಾಗಿರುವಲ್ಲಿ ನಮ್ಮ ಕಾಲದ ಈ ಉಪಕರಣವು ಮಾತ್ರ ಏಕೆ ಹೊರಗುಳಿಯಬೇಕೆಂಬುದು ನಮಗೆ ತಿಳಿಯದು.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ಗಣಕದಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ವಿಶಾಲವಾದ ಒಂದು ಮೆಮೊರಿ ತನಗಾಗಿಯೇ ಇದೆಯೆಂಬ ಭಾವನೆಯನ್ನು ವ್ಯವಸ್ಥೆಯು ಉಂಟುಮಾಡಿರುತ್ತದೆ. ವಾಸ್ತವದಲ್ಲಿ ಯಂತ್ರದೊಳಗಿನ ವೇಗದ ಮೆಮೊರಿಯು ಅಷ್ಟು ದೊಡ್ಡದಲ್ಲ. ಆದುದರಿಂದ ಎಲ್ಲವನ್ನೂ ಶಹಾಬಾದಿನ ಹಾಸುಗಲ್ಲುಗಳಂತೆ ಒಂದೇ ಅಳತೆಯ ತುಂಡುಗಳಾಗಿ ಕತ್ತರಿಸಿ, ಆ ತುಂಡುಗಳಿಗೆ ಪುಟಗಳೆಂದು ಹೆಸರಿಟ್ಟು, ಆ ಗಳಿಗೆಗೆ ಬೇಕಾದ ಪುಟಗಳನ್ನು ಮಾತ್ರ ಒಳಗಿರಿಸಿ, ಮಿಕ್ಕವನ್ನು ಡಿಸ್ಕಿನಂತಹ ನಿಧಾನವಾದ ಉಗ್ರಾಣದಲ್ಲಿ ಇಡುತ್ತಾರೆ. ಬಸದಿಯ ಭಂಡಾರದಲ್ಲಿ ಓಲೆಗರಿಯ ಕಟ್ಟೊಂದನ್ನು ಬಿಚ್ಚಿ ಓದುತ್ತಿರುವವನಿಗೆ ಮುಂದಿನ ಗರಿಯು ಕಟ್ಟಿನಲ್ಲಿ ಇಲ್ಲದಿರುವುದು ಕಂಡುಬಂದರೆ ಅವನು ಓದನ್ನು ನಿಲ್ಲಿಸಿ ಕಾಯುತ್ತಾನೆ. ಭಂಡಾರಿಯು ಒಳಕೋಣೆಯಿಂದ ಆ ಗರಿಯನ್ನು ತಂದಿಟ್ಟಮೇಲೆ ನಿಲ್ಲಿಸಿದ ಅಕ್ಷರದಿಂದಲೇ ಓದು ಮುಂದುವರಿಯುತ್ತದೆ. ಯಂತ್ರದಲ್ಲಿಯೂ ಹೀಗೆಯೇ. ಒಳಗಿಲ್ಲದ ಪುಟವನ್ನು ಪ್ರೋಗ್ರಾಮು ಮುಟ್ಟಿದೊಡನೆ ಯಂತ್ರವು ಅದನ್ನು ತಡೆದು ನಿಲ್ಲಿಸಿ, ಕರ್ನೆಲ್ ಎಂಬ ಕೇಂದ್ರಭಾಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಇದೇ ಪೇಜ್ ಫಾಲ್ಟ್. ಇದನ್ನು ನಾವು ಪುಟಲೋಪವೆಂದು ಕರೆಯುತ್ತೇವೆ. ಲೋಪವೆಂಬ ಶಬ್ದಕ್ಕೆ ವ್ಯಾಕರಣದಲ್ಲಿ ಇಲ್ಲದಾಗುವಿಕೆಯೆಂದೂ, ವ್ಯವಹಾರದಲ್ಲಿ ತಪ್ಪೆಂದೂ ಅರ್ಥವಿರುವುದರಿಂದ ಅದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಇಲ್ಲಿ ತಪ್ಪು ಯಾರದೂ ಅಲ್ಲ. ಪುಟವು ಇಲ್ಲದಿರುವುದು ವ್ಯವಸ್ಥೆಯ ಸಹಜ ಸ್ಥಿತಿ.

ಈ ಏರ್ಪಾಡು ಬರುವುದಕ್ಕೆ ಮುಂಚೆ, ಯಾವ ಭಾಗವು ಯಾವಾಗ ಒಳಗಿರಬೇಕೆಂಬುದನ್ನು ಪ್ರೋಗ್ರಾಮು ಬರೆಯುವವನೇ ಲೆಕ್ಕಹಾಕಬೇಕಾಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಿರ್ಮಾಣಗೊಂಡು ೧೯೬೨ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಟಿಫ್ರ್ಯಾಕ್ ಎಂದು ನಾಮಕರಣಗೊಂಡ ಯಂತ್ರದ ಮೆಮೊರಿಯಲ್ಲಿ ಇದ್ದುದು ೨,೦೪೮ ಪದಗಳಿಗೆ ಮಾತ್ರ ಸ್ಥಳ. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅಟ್ಲಾಸ್ ಯಂತ್ರವು ಉದ್ಘಾಟನೆಯಾಯಿತು. ಮಿಥ್ಯಾ ಮೆಮೊರಿಯ ಕಲ್ಪನೆಯನ್ನು ಜರ್ಮನಿಯ ಗ್ಯುಂಟ್ಷ್ ೧೯೫೬ರಷ್ಟು ಹಿಂದೆಯೇ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರಾದರೂ ಅದನ್ನು ಯಂತ್ರದಲ್ಲಿ ಸಾಧಿಸಿ ತೋರಿಸಿದ ಕೀರ್ತಿ ಟಾಮ್ ಕಿಲ್ಬರ್ನ್ ಮತ್ತು ಅವರ ಸಂಗಡಿಗರದು. ಅಟ್ಲಾಸಿನ ಪುಟವೊಂದರಲ್ಲಿ ೫೧೨ ಪದಗಳು. ಒಳಮೆಮೊರಿಯಲ್ಲಿ ಅಂತಹ ೩೨ ಪುಟಗಳಿಗೆ ಎಡೆ. ಉಳಿದವು ತಿರುಗುವ ಡ್ರಮ್ಮಿನ ಮೇಲೆ. ಬೇಕಾದ ಪುಟ ಒಳಗಿಲ್ಲದಿದ್ದರೆ ಯಂತ್ರವು ಸೂಪರ್‌ವೈಸರ್ ಎಂಬ ಮೇಲ್ವಿಚಾರಕ ಪ್ರೋಗ್ರಾಮನ್ನು ಎಬ್ಬಿಸುತ್ತಿತ್ತು. ಯಾವ ಪುಟವನ್ನು ಹೊರಗೆ ಕಳುಹಿಸಬೇಕೆಂಬುದನ್ನು ನಿರ್ಧರಿಸಲು, ಪುಟಗಳ ಬಳಕೆಯ ರೀತಿಯನ್ನು ಗಮನಿಸಿ ಕಲಿಯುವ ಕಟ್ಟಳೆಯೊಂದನ್ನೂ ಅದರಲ್ಲಿ ಅಳವಡಿಸಿದ್ದರು.

ಪುಟಲೋಪದ ಸಮಸ್ತ ಅಧಿಕಾರವೂ ಹೀಗೆ ಮೊದಲ ದಿನದಿಂದಲೇ ಕೇಂದ್ರದ ಕೈ ಸೇರಿತು. ೧೯೬೮ರಲ್ಲಿ ಪೀಟರ್ ಡೆನ್ನಿಂಗ್ ಅವರು ಪ್ರತಿಯೊಂದು ಪ್ರೋಗ್ರಾಮೂ ಸದ್ಯದಲ್ಲಿ ಬಳಸುತ್ತಿರುವ ಪುಟಗಳ ಗುಂಪನ್ನು ಗುರುತಿಸುವ ಸಿದ್ಧಾಂತವನ್ನು ಪ್ರಕಟಿಸಿದ ಮೇಲೆ ಈ ಕೇಂದ್ರಾಧಿಕಾರಕ್ಕೆ ಶಾಸ್ತ್ರದ ಬೆಂಬಲವೂ ದೊರೆಯಿತು.

ಆದರೆ ಎಲ್ಲರಿಗೂ ಒಂದೇ ಕಟ್ಟಳೆಯು ಹೊಂದುವುದಿಲ್ಲ. ಬಹುತೇಕ ವ್ಯವಸ್ಥೆಗಳು ಬಹುಕಾಲದಿಂದ ಮುಟ್ಟದಿರುವ ಪುಟವನ್ನೇ ಹೊರದೂಡುತ್ತವೆ. ಒಬ್ಬನಲ್ಲಿ ಹತ್ತು ಪುಟಗಳಿದ್ದು ಒಂಬತ್ತಕ್ಕೆ ಮಾತ್ರ ಸ್ಥಳವಿದೆಯೆಂದೂ, ಅವನು ಒಂದರಿಂದ ಹತ್ತರವರೆಗೆ ಓದಿ ಮತ್ತೆ ಒಂದಕ್ಕೆ ಬರುವವನೆಂದೂ ಭಾವಿಸಿಕೊಳ್ಳೋಣ. ಹತ್ತನೆಯದನ್ನು ತರಲು ಒಂದನೆಯದನ್ನು ಕಳುಹಿಸಿರುತ್ತಾರೆ. ಈಗ ಒಂದನೆಯದೇ ಬೇಕು, ಅದಕ್ಕಾಗಿ ಎರಡನೆಯದನ್ನು ಕಳುಹಿಸುತ್ತಾರೆ. ಮರುಕ್ಷಣ ಎರಡನೆಯದೇ ಬೇಕು. ಒಂಬತ್ತು ಪುಟಗಳ ಸ್ಥಳವಿದ್ದೂ ಪ್ರತಿಯೊಂದು ಹೆಜ್ಜೆಗೂ ಲೋಪವೇ. ದತ್ತಸಂಚಯಗಳನ್ನು, ಎಂದರೆ ಡೇಟಾಬೇಸುಗಳನ್ನು ನಿರ್ವಹಿಸುವ ಪ್ರೋಗ್ರಾಮುಗಳು ಪುಟಗಳನ್ನು ಅನೇಕ ವೇಳೆ ಹೀಗೆಯೇ ಸುತ್ತುವುದರಿಂದ, ೧೯೮೧ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರು ಆಪರೇಟಿಂಗ್ ಸಿಸ್ಟಮಿನ ಉಪಕಾರವು ತಮಗೆ ಅಪಕಾರವಾಗುತ್ತಿರುವುದನ್ನು ಸೋದಾಹರಣವಾಗಿ ದೂರಿದರು. ತನ್ನ ಮುಂದಿನ ನಡೆ ಪ್ರೋಗ್ರಾಮಿಗೆ ಗೊತ್ತು, ಕೇಂದ್ರಕ್ಕೆ ಗೊತ್ತಿಲ್ಲ, ನಿರ್ಣಯಿಸುವುದು ಮಾತ್ರ ಕೇಂದ್ರ. ದೂರಿನ ಸಾರಾಂಶವಿಷ್ಟೇ.

ಇದಕ್ಕೆ ಪರಿಹಾರವಾಗಿ ಕೇಂದ್ರವನ್ನೇ ಕುಗ್ಗಿಸಬೇಕೆಂಬ ವಿಚಾರವು ಅಷ್ಟರೊಳಗಾಗಿ ಬೇರೆ ಮಾರ್ಗದಿಂದ ಹುಟ್ಟಿತ್ತು. ಡೆನ್ಮಾರ್ಕಿನಲ್ಲಿ ಪರ್ ಬ್ರಿಂಚ್ ಹ್ಯಾನ್ಸನ್ ಅವರು ಆರ್‌ಸಿ ೪೦೦೦ ಯಂತ್ರಕ್ಕಾಗಿ ೧೯೬೯ರ ವೇಳೆಗೆ ರಚಿಸಿದ ಬೀಜರೂಪದ ವ್ಯವಸ್ಥೆಯಲ್ಲಿ ಸಂದೇಶ ರವಾನೆಯಂತಹ ಕೆಲವು ಮೂಲಕಾರ್ಯಗಳು ಮಾತ್ರ ಒಳಗಿದ್ದು, ಮಿಕ್ಕ ಆಡಳಿತವನ್ನು ಹೊರಗಿನ ಪ್ರೋಗ್ರಾಮುಗಳಿಗೆ ಬಿಡಲಾಗಿತ್ತು. ಅಮೆರಿಕೆಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ವುಲ್ಫ್ ಮೊದಲಾದವರು ಹೈಡ್ರಾ ಎಂಬ ಕರ್ನೆಲ್ಲನ್ನು ರಚಿಸಿ, ಉಪಾಯ ಬೇರೆ ನೀತಿ ಬೇರೆ ಎಂಬ ಭೇದವನ್ನು ೧೯೭೫ರಲ್ಲಿ ಪ್ರತಿಪಾದಿಸಿದರು. ಉಪಾಯವನ್ನು ಕೇಂದ್ರವು ಒದಗಿಸಲಿ, ನೀತಿಯನ್ನು ಹೊರಗಿನವರು ನಿರ್ಧರಿಸಲಿ ಎಂಬುದು ಅವರ ಮತ. ಪುಟಗಳ ನಿರ್ವಹಣೆಯು ಅವರು ಎತ್ತಿಕೊಂಡ ಮೂರು ನಿದರ್ಶನಗಳಲ್ಲಿ ಒಂದಾಗಿತ್ತು.

ಅದೇ ವಿಶ್ವವಿದ್ಯಾನಿಲಯದಲ್ಲಿ ರಿಚರ್ಡ್ ರಶೀದ್ ಅವರ ನೇತೃತ್ವದಲ್ಲಿ ೧೯೮೫ರಲ್ಲಿ ಆರಂಭವಾದ ಮಾಕ್ ಎಂಬ ವ್ಯವಸ್ಥೆಯಲ್ಲಿ ಪುಟಲೋಪದ ನಿರ್ವಹಣೆಯು ಪೂರ್ಣಪ್ರಮಾಣದಲ್ಲಿ ಕರ್ನೆಲ್ಲಿನ ಹೊರಗೆ ಬಂದಿತು. ಇದು ಹೇಗೆ ನಡೆಯುತ್ತಿತ್ತೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಪ್ರೋಗ್ರಾಮೊಂದು ತನ್ನ ಮೆಮೊರಿಯ ಒಂದು ಭಾಗಕ್ಕೆ ಯಾವುದಾದರೊಂದು ಕಡತವನ್ನು ಜೋಡಿಸಿಕೊಂಡಿದೆಯೆನ್ನೋಣ. ಆ ಕಡತದ ಪುಟಗಳನ್ನು ಒದಗಿಸುವ ಹೊಣೆ ಪೇಜರ್ ಎಂಬ ಇನ್ನೊಂದು ಸಾಮಾನ್ಯ ಪ್ರೋಗ್ರಾಮಿನದು. ಪುಟಲೋಪವಾದಾಗ ಕರ್ನೆಲ್ಲು ಮೊದಲು ತನ್ನ ಸಂಗ್ರಹವನ್ನು ಹುಡುಕುತ್ತದೆ. ಅಲ್ಲಿ ಪುಟ ಸಿಕ್ಕಿದರೆ ಪೇಜರಿಗೆ ಸುದ್ದಿಯೇ ಹೋಗುವುದಿಲ್ಲ. ಸಿಗದಿದ್ದರೆ, ಇಂತಹ ಕಡತದ ಇಂತಹ ಸ್ಥಾನದ ಪುಟ ಬೇಕೆಂದು ಪೇಜರಿಗೆ ಸಂದೇಶವನ್ನು ಕಳುಹಿಸಿ, ಲೋಪಕ್ಕೆ ಸಿಕ್ಕಿದವನನ್ನು ಮಲಗಿಸುತ್ತದೆ. ಪೇಜರು ಆ ಪುಟವನ್ನು ಡಿಸ್ಕಿನಿಂದಲೋ, ಜಾಲದ ಆಚೆಯ ಇನ್ನೊಂದು ಯಂತ್ರದಿಂದಲೋ ತರಬಹುದು. ಅಥವಾ ಲೆಕ್ಕಮಾಡಿ ಆಗಲೇ ಸೃಷ್ಟಿಸಲೂಬಹುದು. ಪುಟವು ಮರುಸಂದೇಶದಲ್ಲಿ ಬಂದಾಗ ಕರ್ನೆಲ್ಲು ಅದನ್ನು ಕೂಡಿಸಿ, ಮಲಗಿದವನನ್ನು ಎಬ್ಬಿಸುತ್ತದೆ. ಸ್ಥಳದ ಅಭಾವವಾದಾಗ ಕರ್ನೆಲ್ಲು ತಾನೇ ಒಂದು ಪುಟವನ್ನು ಆರಿಸಿ, ಅದರಲ್ಲಿ ಬದಲಾವಣೆಯಾಗಿದ್ದರೆ ಬರೆದಿಡುವಂತೆ ಪೇಜರಿಗೆ ಒಪ್ಪಿಸುತ್ತದೆ. ಮೆಮೊರಿಯೂ ಸಂದೇಶವೂ ಒಂದೇ ನಾಣ್ಯದ ಎರಡು ಮುಖಗಳೆಂಬುದು ರಶೀದ್, ಟೆವೇನಿಯನ್, ಮೈಕೆಲ್ ಯಂಗ್ ಮೊದಲಾದವರು ೧೯೮೭ರಲ್ಲಿ ಪ್ರಕಟಿಸಿದ ಪ್ರಬಂಧದ ಮುಖ್ಯ ಪ್ರತಿಪಾದನೆ. ಯಾವ ಪುಟ ಹೊರಹೋಗಬೇಕೆಂಬ ಆಯ್ಕೆಯು ಇಲ್ಲಿ ಇನ್ನೂ ಕರ್ನೆಲ್ಲಿನ ಕೈಯಲ್ಲಿಯೇ ಉಳಿದಿತ್ತೆಂಬುದನ್ನು ಗಮನಿಸಬೇಕು. ಸ್ಟೋನ್‌ಬ್ರೇಕರ್ ಅವರ ದೂರಿಗೆ ಮಾಕ್ ಪೂರ್ಣ ಉತ್ತರವಾಗಿರಲಿಲ್ಲ.

ಮಾಕ್ ಪದ್ಧತಿಯು ಮುಂದೆ ಹಿಂದೆ ಸರಿದುದೇಕೆ? ನಿಧಾನವಾದುದರಿಂದ ಎಂಬುದು ರೂಢಿಯ ಉತ್ತರ. ಸಂದೇಶಗಳ ರವಾನೆಗೆ ಕಾಲ ಹಿಡಿಯುತ್ತಿತ್ತು, ಆದುದರಿಂದ ಕೆಲಸಗಳು ಕರ್ನೆಲ್ಲಿನೊಳಕ್ಕೆ ಮರಳಿದವು ಎಂದು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಪುಟಲೋಪದ ಮಟ್ಟಿಗೆ ಈ ಅಭಿಪ್ರಾಯವನ್ನು ಒಪ್ಪಲು ನಮಗೆ ಸಾಧ್ಯವಾಗಿಲ್ಲ. ಅಂಕಿಗಳೇ ಅದಕ್ಕೆ ವಿರುದ್ಧವಾಗಿವೆ. ಯೋಖನ್ ಲೀಡ್ಟ್ಕೆ ಅವರು ೧೯೯೩ರಲ್ಲಿ ಪ್ರಕಟಿಸಿದ ಅಳತೆಗಳಂತೆ, ೫೦ ಮೆಗಾಹರ್ಟ್ಸ್ ವೇಗದ ೪೮೬ ಯಂತ್ರದಲ್ಲಿ ಮಾಕಿನ ಒಂದು ಚಿಕ್ಕ ಸಂದೇಶಕ್ಕೆ ೧೧೫ ಮೈಕ್ರೋಸೆಕೆಂಡುಗಳು ಬೇಕಾಗಿದ್ದವು. ಆ ಕಾಲದ ಡಿಸ್ಕಿನಿಂದ ಒಂದು ಪುಟವನ್ನು ತರಲು ಹತ್ತರಿಂದ ಇಪ್ಪತ್ತು ಮಿಲಿಸೆಕೆಂಡುಗಳು, ಎಂದರೆ ಕಡಿಮೆಯೆಂದರೂ ೧೦,೦೦೦ ಮೈಕ್ರೋಸೆಕೆಂಡುಗಳು ಹಿಡಿಯುತ್ತಿದ್ದವು. ಹೋಗುವುದಕ್ಕೊಂದು ಬರುವುದಕ್ಕೊಂದು ಸಂದೇಶವೆಂದು ಎಣಿಸಿ, ಪುಟವನ್ನು ಹೊತ್ತು ಬರುವ ಸಂದೇಶವು ಹೆಚ್ಚು ಭಾರವಾದುದೆಂದು ಇನ್ನಷ್ಟು ಕೂಡಿಸಿದರೂ, ಡಿಸ್ಕಿನ ವಿಳಂಬದ ಎದುರು ಅದು ನೂರಕ್ಕೆ ಕೆಲವೇ ಪಾಲು. ಅಲ್ಲದೆ, ಸಂಗ್ರಹದಲ್ಲಿ ಸಿಗುವ ಪುಟಗಳಿಗಾಗಿ ಪೇಜರಿನ ಬಳಿಗೆ ಹೋಗಬೇಕಾದ ಪ್ರಸಂಗವೇ ಇರಲಿಲ್ಲವೆಂಬುದನ್ನು ಮೇಲೆಯೇ ಹೇಳಿದ್ದೇವೆ. ಕಡತಗಳನ್ನು ತೆರೆಯುವ, ಮುಚ್ಚುವ ಸಣ್ಣ ಸೇವೆಗಳಲ್ಲಿ ನಿಧಾನದ ದೂರು ನ್ಯಾಯವಾದುದೇ. ಡಿಸ್ಕಿನ ಗೊಡವೆಯಿಲ್ಲದೆ ಪುಟಲೋಪವನ್ನೇ ಸಾಧನವಾಗಿ ಬಳಸುವ ಪ್ರೋಗ್ರಾಮುಗಳಲ್ಲಿಯೂ ಅದು ನ್ಯಾಯವೇ. ಅನುಪಯುಕ್ತ ಮೆಮೊರಿಯನ್ನು ಶೋಧಿಸುವುದು, ಹಲವು ಯಂತ್ರಗಳ ನಡುವೆ ಮೆಮೊರಿಯನ್ನು ಹಂಚಿಕೊಳ್ಳುವುದು ಮುಂತಾದ ಅಂತಹ ಬಳಕೆಗಳನ್ನು ಆಪಲ್ ಮತ್ತು ಲೀ ಎಂಬ ವಿದ್ವಾಂಸರು ೧೯೯೧ರಲ್ಲಿ ಒಂದೆಡೆ ಸಂಗ್ರಹಿಸಿಕೊಟ್ಟಿದ್ದಾರೆ. ಆದರೆ ಡಿಸ್ಕಿನಿಂದ ಪುಟ ತರುವ ನಿತ್ಯದ ಕೆಲಸಕ್ಕೆ ಈ ಕಾರಣವು ಸಾಲದು.

ನಿಜವಾದ ತೊಡಕು ನಂಬಿಕೆಯಲ್ಲಿತ್ತು. ಮಾಕಿನ ಕರ್ತೃಗಳೇ ಅದನ್ನು ೧೯೮೭ರ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಎತ್ತಿಕೊಂಡಿದ್ದಾರೆಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಕೇಳಿದ ಪುಟವನ್ನು ಪೇಜರು ಕಳುಹಿಸದೆ ಸುಮ್ಮನಿದ್ದರೇನು ಗತಿ? ಲೋಪಕ್ಕೆ ಸಿಕ್ಕಿದ ಪ್ರೋಗ್ರಾಮು ಎಚ್ಚರವಾಗುವುದೇ ಇಲ್ಲ. ಒಂದು ಅವಧಿಯನ್ನು ಗೊತ್ತುಮಾಡಿ, ಅದು ಮೀರಿದರೆ ಕಾಯುವುದನ್ನು ಬಿಟ್ಟು ತಪ್ಪೆಂದು ತಿಳಿಸುವುದು ಅವರು ಸೂಚಿಸಿದ ಮಾರ್ಗಗಳಲ್ಲೊಂದು. ಆದರೆ ಜಾಲದಾಚೆಯಿಂದ ಪುಟ ತರುತ್ತಿರುವ ಪ್ರಾಮಾಣಿಕ ಪೇಜರನ್ನೂ, ಬೇಕೆಂದೇ ತಡಮಾಡುವ ಪೇಜರನ್ನೂ ಗಡಿಯಾರವು ಹೇಗೆ ತಾನೆ ಬೇರ್ಪಡಿಸೀತು?

ಇದಕ್ಕಿಂತ ಗಹನವಾದ ತೊಡಕು ಮತ್ತೊಂದು. ಸ್ಥಳದ ಅಭಾವವಾದಾಗ ಕರ್ನೆಲ್ಲು ಪುಟವನ್ನು ಪೇಜರಿಗೆ ಒಪ್ಪಿಸುತ್ತದೆಯಷ್ಟೆ. ಪೇಜರು ಅದನ್ನು ಡಿಸ್ಕಿಗೆ ಬರೆದು ಬಿಟ್ಟುಕೊಡುವತನಕ ಆ ಸ್ಥಳ ತೆರವಾಗುವುದಿಲ್ಲ. ಅದು ಬರೆಯದೆ ಹಿಡಿದುಕೊಂಡು ಕುಳಿತರೆ ಆ ಪೇಜರನ್ನು ಆಶ್ರಯಿಸಿದವರಿಗೆ ಮಾತ್ರವಲ್ಲ, ಅದರ ಹೆಸರನ್ನೇ ಕೇಳದ ಇತರ ಪ್ರೋಗ್ರಾಮುಗಳಿಗೂ ಸ್ಥಳವಿಲ್ಲದಂತಾಗುತ್ತದೆ. ಒಬ್ಬ ಸಾಮಂತನು ಕಪ್ಪವನ್ನು ನಿಲ್ಲಿಸಿದರೆ ಇಡೀ ರಾಜ್ಯದ ಬೊಕ್ಕಸ ಬರಿದಾಗುವಂತೆ ಇಲ್ಲಿ ಕೇಂದ್ರವೇ ಹೊರಗಿನವನ ಅಧೀನವಾಗಿಬಿಡುತ್ತದೆ. ಮಾಕಿನವರು ಇದಕ್ಕೆ ಮಾಡಿದ ಉಪಾಯವೆಂದರೆ, ಪೇಜರು ಸಕಾಲದಲ್ಲಿ ಬಿಟ್ಟುಕೊಡದಿದ್ದರೆ ಆ ಪುಟವನ್ನು ತಮಗೆ ವಿಶ್ವಾಸಪಾತ್ರವಾದ ಡೀಫಾಲ್ಟ್ ಪೇಜರಿನ ಮೂಲಕ ಬೇರೆಡೆಗೆ ಬರೆಸಿಬಿಡುವುದು. ಎಂದರೆ, ಹೊರಗಿನವರೆಲ್ಲರನ್ನೂ ಸಮಾನವಾಗಿ ಕಾಣುತ್ತೇವೆಂದು ಹೊರಟ ವ್ಯವಸ್ಥೆಯು, ಕೊನೆಗೆ ತನ್ನ ನೆಚ್ಚಿನ ಒಬ್ಬನನ್ನು ಹತ್ತಿರ ಇಟ್ಟುಕೊಳ್ಳಲೇಬೇಕಾಯಿತು.

ಆ ನೆಚ್ಚಿನವನ ಸ್ಥಿತಿಯನ್ನೂ ವಿಚಾರಿಸಬೇಕು. ಪೇಜರು ಕೂಡ ಒಂದು ಪ್ರೋಗ್ರಾಮು. ಅದರ ಪುಟಗಳೂ ಹೊರಹೋಗಬಹುದು. ಗರಿಯನ್ನು ತರಬೇಕಾದ ಭಂಡಾರಿಗೆ ಒಳಕೋಣೆಯ ಬೀಗ ತೆಗೆಯುವ ವಿಧಾನವೇ ಆ ಕಾಣೆಯಾದ ಗರಿಯಲ್ಲಿ ಬರೆದಿದ್ದರೆ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ: ಪುಟವನ್ನು ತರಲು ಪೇಜರು ಬೇಕು, ಪೇಜರು ಓಡಲು ಪುಟ ಬೇಕು. ಆದುದರಿಂದ ಡೀಫಾಲ್ಟ್ ಪೇಜರಿನ ಪುಟಗಳನ್ನು ಒಳಮೆಮೊರಿಯಲ್ಲಿ ಕದಲದಂತೆ ಬಿಗಿದು ಇಡಬೇಕಾಯಿತು. ಅದು ಹೆಸರಿಗೆ ಹೊರಗಿನದಾದರೂ ವಸ್ತುತಃ ಕೇಂದ್ರದ ಅಂಗವೇ ಆಯಿತು. ಮಾಕಿನಿಂದ ಹುಟ್ಟಿದ ಕರ್ನೆಲ್ಲನ್ನು ಆಧರಿಸಿ ೨೦೦೧ರಲ್ಲಿ ಹೊರಬಂದ ಮ್ಯಾಕ್ ಓಎಸ್ ಟೆನ್‌ನಲ್ಲಿ ಕಡತಗಳ ಪೇಜರು ಕರ್ನೆಲ್ಲಿನ ಒಳಗೇ ಸೇರಿಕೊಂಡಿತ್ತು. ಗ್ನೂ ಸಂಸ್ಥೆಯ ಹರ್ಡ್ ಯೋಜನೆಯವರು ಮಾತ್ರ ಹೊರಗಿನ ಪೇಜರುಗಳನ್ನು ಬಿಡದೆ ಇಟ್ಟುಕೊಂಡರು. (ಅವರ ಕಡತವ್ಯವಸ್ಥೆಯು ಡಿಸ್ಕಿನ ಇಡೀ ಭಾಗವನ್ನು ಒಮ್ಮೆಗೇ ಮೆಮೊರಿಗೆ ಜೋಡಿಸಿಕೊಳ್ಳುತ್ತಿದ್ದುದರಿಂದ ಬಹುಕಾಲ ಸುಮಾರು ಎರಡು ಗಿಗಾಬೈಟಿಗಿಂತ ದೊಡ್ಡ ಭಾಗವನ್ನು ಬಳಸಲಾಗದೆ ಒದ್ದಾಡಿದುದು ಬೇರೆಯ ಕಥೆ.)

ಈ ಅಲೆಯು ನಮ್ಮ ನಾಡನ್ನೂ ಮುಟ್ಟಿತ್ತೆಂಬುದನ್ನು ಕನ್ನಡದ ವಾಚಕರು ಮರೆಯಬಾರದು. ೧೯೮೮ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯು ೧೯೯೧ರಲ್ಲಿ ಪರಮ್ ೮೦೦೦ ಎಂಬ ಸಮಾಂತರ ಗಣಕವನ್ನು ನಿರ್ಮಿಸಿತು. ೧೯೯೪ರ ಪರಮ್ ೯೦೦೦ ಯಂತ್ರದ ಲೆಕ್ಕಾಚಾರದ ಘಟಕಗಳಿಗಾಗಿ ಅದರ ಬೆಂಗಳೂರು ಕೇಂದ್ರದವರು ಪಾರಸ್ ಎಂಬ ಮೈಕ್ರೋಕರ್ನೆಲ್ಲನ್ನು ರಚಿಸಿದರು. ಕಾರ್ಯ, ಎಳೆ, ಪೋರ್ಟ್, ಸಂದೇಶ, ಮೆಮೊರಿಯ ಪ್ರದೇಶ ಎಂಬ ಅದರ ಮೂಲಪರಿಕಲ್ಪನೆಗಳಲ್ಲಿ ಮಾಕಿನ ಬಳುವಳಿಯು ಸ್ಪಷ್ಟವಾಗಿ ಕಾಣುತ್ತದೆ. ನೂರಾರು ಘಟಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಾಗ ಪ್ರತಿಯೊಂದು ಘಟಕದಲ್ಲಿಯೂ ಭಾರವಾದ ಯುನಿಕ್ಸನ್ನು ಹೊರಿಸುವುದು ವ್ಯರ್ಥವೆಂಬುದು ಅಂತಹ ರಚನೆಯ ಹಿಂದಿನ ತರ್ಕ. ಆದರೆ ೧೯೯೮ರ ಪರಮ್ ೧೦೦೦೦ ಯಂತ್ರವು ಸನ್ ಕಂಪೆನಿಯ ಗಣಕಗಳನ್ನೂ ಅವುಗಳ ಸೋಲಾರಿಸ್ ವ್ಯವಸ್ಥೆಯನ್ನೂ ಆಶ್ರಯಿಸಿತು. ನಾಲ್ಕೇ ವರ್ಷಗಳಲ್ಲಿ ಕೇಂದ್ರವನ್ನು ಕುಗ್ಗಿಸುವ ಪ್ರಯತ್ನದಿಂದ ಸಿದ್ಧವಾದ ದೊಡ್ಡ ಕೇಂದ್ರಕ್ಕೆ ಮರಳಿದ ಈ ನಡೆಯು ಆ ದಶಕದಲ್ಲಿ ಲೋಕದ ಇತರೆಡೆಗಳಲ್ಲಿಯೂ ಕಂಡುಬಂದ ನಡೆಯೇ ಆಗಿತ್ತು. ಬೆಂಗಳೂರಿನಲ್ಲಿ ಇಂತಹ ಕೆಲಸ ನಡೆದಿತ್ತೆಂಬುದನ್ನು ನಮ್ಮ ಕಾಲೇಜುಗಳ ಗಣಕವಿಜ್ಞಾನದ ವಿದ್ಯಾರ್ಥಿಗಳಿಗೆ ಕೇಳಿದಾಗಲೆಲ್ಲ ಅವರು ಅಚ್ಚರಿಪಡುವುದನ್ನು ಕಂಡಿದ್ದೇವೆ. ಪಿಟ್ಸ್‌ಬರ್ಗಿನ ಮಾಕನ್ನು ಬಲ್ಲವರು ಬೆಂಗಳೂರಿನ ಪಾರಸನ್ನು ಅರಿಯದಿರುವುದು ಪಠ್ಯಕ್ರಮದ ಲೋಪವೆನ್ನದೆ ಬೇರೇನೆನ್ನೋಣ!

ಅಷ್ಟರಲ್ಲಿ ಜರ್ಮನಿಯಲ್ಲಿ ಲೀಡ್ಟ್ಕೆ ಅವರು ಇದೇ ಸಮಸ್ಯೆಯನ್ನು ಬುಡದಿಂದ ಪರಿಶೀಲಿಸುತ್ತಿದ್ದರು. ಅವರ ಎಲ್೩ ವ್ಯವಸ್ಥೆಯಲ್ಲಿ ಮಾಕಿನ ೧೧೫ ಮೈಕ್ರೋಸೆಕೆಂಡುಗಳ ಕೆಲಸವು ೫ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತಿತ್ತು. ಎಲ್ಲರೂ ಎತ್ತಿ ಹೇಳುವುದು ಈ ಅಂಕಿಯನ್ನೇ. ಆದರೆ ಅದೇ ಪ್ರಬಂಧದಲ್ಲಿ, ನಾಲ್ಕು ಕಿಲೋಬೈಟುಗಳ, ಎಂದರೆ ಸರಿಯಾಗಿ ಒಂದು ಪುಟದಷ್ಟರ ಸಂದೇಶದಲ್ಲಿ ಲಾಭವು ಮೂರು ಪಟ್ಟಿಗೆ ಇಳಿದಿರುವುದನ್ನು ಗಮನಿಸಿದವರು ವಿರಳ. ಪುಟಲೋಪದ ಚರಿತ್ರೆಯಲ್ಲಿ ಲೀಡ್ಟ್ಕೆ ಅವರ ಹಿರಿಮೆಯು ವೇಗದಲ್ಲಿಲ್ಲ, ೧೯೯೫ರಲ್ಲಿ ಅವರು ಎಲ್೪ ವ್ಯವಸ್ಥೆಯ ಆಧಾರದ ಮೇಲೆ ಮಂಡಿಸಿದ ಮೂರು ಕ್ರಿಯೆಗಳಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಎಲ್೪ರಲ್ಲಿ ಯಂತ್ರವು ಎಚ್ಚೆತ್ತಾಗ ಇರುವ ಮೆಮೊರಿಯೆಲ್ಲವೂ ಸಿಗ್ಮಾ ಸೊನ್ನೆ ಎಂಬ ಒಂದೇ ಪ್ರೋಗ್ರಾಮಿನ ವಶದಲ್ಲಿರುತ್ತದೆ. ತನ್ನಲ್ಲಿರುವ ಪುಟವನ್ನು ಯಾವ ಪ್ರೋಗ್ರಾಮಾದರೂ ಇನ್ನೊಬ್ಬರೊಡನೆ ಹಂಚಿಕೊಳ್ಳಬಹುದು, ಪೂರ್ತಿಯಾಗಿ ಬಿಟ್ಟುಕೊಡಬಹುದು, ಹಂಚಿಕೊಂಡುದನ್ನು ಯಾವ ಗಳಿಗೆಯಲ್ಲಾದರೂ, ಪಡೆದವರ ಅನುಮತಿಯನ್ನು ಕೇಳದೆ, ಹಿಂದಕ್ಕೆ ಕಿತ್ತುಕೊಳ್ಳಬಹುದು. ಪಡೆದವರು ಅದನ್ನು ಮತ್ತೆ ಮೂರನೆಯವರಿಗೆ ಹಂಚಿದ್ದರೆ ಅವರಿಂದಲೂ ಅದು ತಾನಾಗಿ ಹೋಗುತ್ತದೆ. ಪುಟಲೋಪವಾದಾಗ ಕರ್ನೆಲ್ಲು ಮಾಡುವ ಕೆಲಸವು ಅತ್ಯಲ್ಪ: ಲೋಪಕ್ಕೆ ಸಿಕ್ಕಿದವನ ಹೆಸರಿನಲ್ಲಿ, ಯಾವ ವಿಳಾಸದಲ್ಲಿ ಲೋಪವಾಯಿತೆಂಬ ಒಂದು ಸಂದೇಶವನ್ನು ಅವನ ಪೇಜರಿಗೆ ಮುಟ್ಟಿಸಿ ಕೈತೊಳೆದುಕೊಳ್ಳುತ್ತದೆ. ಪೇಜರು ಮರುಸಂದೇಶದೊಡನೆ ಪುಟವನ್ನು ಹಂಚಿಕೊಂಡರೆ ಕೆಲಸ ಮುಂದುವರಿಯಿತು. ಪೇಜರಿಗೇ ಪುಟಲೋಪವಾದರೆ ಅದರ ಪೇಜರಿಗೆ ಸಂದೇಶ ಹೋಗುತ್ತದೆ. ಹೀಗೆ ಏರುತ್ತ ಹೋದ ಸರಣಿಯು ಸಿಗ್ಮಾ ಸೊನ್ನೆಯಲ್ಲಿ ನಿಲ್ಲುತ್ತದೆ.

ಇಲ್ಲಿ ನಂಬಿಕೆಯ ಲೆಕ್ಕವು ಹೇಗೆ ಬದಲಾಯಿತೆಂಬುದನ್ನು ನೋಡಬೇಕು. ಕರ್ನೆಲ್ಲು ಯಾರ ಪುಟವನ್ನೂ ತನ್ನ ಸಂಗ್ರಹದಲ್ಲಿ ಇಟ್ಟುಕೊಳ್ಳುವುದಿಲ್ಲವಾದುದರಿಂದ, ಬರೆದುಕೊಂಡು ತೆರವುಮಾಡೆಂದು ಯಾರನ್ನೂ ಬೇಡಬೇಕಾಗಿಲ್ಲ. ಪೇಜರು ಸುಮ್ಮನಿದ್ದರೆ ಕೆಡುವವನು ಅದನ್ನು ಆಶ್ರಯಿಸಿದವನೊಬ್ಬನೇ. ಕೆಳಗಿನವನು ಪುಟವನ್ನು ಹಿಡಿದುಕೊಂಡು ಕುಳಿತರೆ ಮೇಲಿನವನು ಕಿತ್ತುಕೊಳ್ಳುತ್ತಾನೆ. ತೈಲಪನಿಗೆ ತರ್ದವಾಡಿಯನ್ನು ಕೊಟ್ಟವರು ಅದನ್ನು ಒಂದು ಮಾತಿನಿಂದ ಮರಳಿ ಪಡೆಯಬಲ್ಲವರಾಗಿದ್ದರೆ ೯೭೩ರ ಕಥೆ ಬೇರೆಯಾಗುತ್ತಿತ್ತು. ಆದರೆ ನೆಲವನ್ನು ಆಳುವವನಿಗೆ ಅಲ್ಲಿ ಬಂಟರಿರುತ್ತಾರೆ, ನಂಟರಿರುತ್ತಾರೆ. ಪುಟವನ್ನು ಪಡೆದ ಪ್ರೋಗ್ರಾಮಿಗೆ ಯಾರೂ ಇಲ್ಲ. ಹೋಲಿಕೆಯನ್ನು ಇಲ್ಲಿಗೇ ಬಿಡುವುದು ಉಚಿತ.

ಕೇಂಬ್ರಿಡ್ಜಿನ ನೆಮೆಸಿಸ್ ವ್ಯವಸ್ಥೆಯು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸ್ಟೀವನ್ ಹ್ಯಾಂಡ್ ಅವರು ೧೯೯೯ರಲ್ಲಿ ವಿವರಿಸಿದಂತೆ, ಅಲ್ಲಿ ಪ್ರತಿಯೊಂದು ಪ್ರೋಗ್ರಾಮಿಗೂ ಇಷ್ಟು ಪುಟಗಳೆಂಬ ಖಚಿತವಾದ ಭರವಸೆಯನ್ನು ಕೊಟ್ಟು, ಅದರ ಲೋಪವನ್ನು ಅದೇ ನಿರ್ವಹಿಸಿಕೊಳ್ಳಬೇಕೆಂಬ ಕಟ್ಟಳೆಯನ್ನು ಮಾಡಲಾಗಿತ್ತು. ಚಿತ್ರ, ಧ್ವನಿಗಳನ್ನು ಕಾಲತಪ್ಪದೆ ಒದಗಿಸಬೇಕಾದ ಪ್ರೋಗ್ರಾಮೊಂದರ ಸಮಯವು ಪಕ್ಕದವನ ಲೋಪಗಳಿಗಾಗಿ ವ್ಯಯವಾಗದಿರಲೆಂಬುದು ಇದರ ಉದ್ದೇಶ. ಹತ್ತು ಪುಟಗಳನ್ನು ಸುತ್ತುವ ನಮ್ಮ ಪ್ರೋಗ್ರಾಮಿಗೆ ಇಲ್ಲಿ ತನಗೆ ಸರಿಕಂಡ ಪುಟವನ್ನು ಹೊರಗೆ ಕಳುಹಿಸುವ ಸ್ವಾತಂತ್ರ್ಯವು ಕೊನೆಗೂ ದೊರೆಯಿತೆನ್ನಬಹುದು. ಲೀಡ್ಟ್ಕೆ ಅವರು ೨೦೦೧ರಲ್ಲಿ ತೀರಿಕೊಂಡರಾದರೂ ಅವರ ಪರಂಪರೆಯು ಮುಂದುವರಿದು, ೨೦೦೯ರಲ್ಲಿ ಆಸ್ಟ್ರೇಲಿಯಾದ ವಿದ್ವಾಂಸರು ಎಸ್‌ಇಎಲ್೪ ಎಂಬ ಕರ್ನೆಲ್ಲಿನ ಸುಮಾರು ೮,೭೦೦ ಸಾಲುಗಳ ಸಿ ಭಾಷೆಯ ಬರಹವು ತನ್ನ ಲಕ್ಷಣಗ್ರಂಥಕ್ಕೆ ಅನುಗುಣವಾಗಿಯೇ ಇದೆಯೆಂದು ಗಣಿತದ ರೀತಿಯಲ್ಲಿ ಸಾಧಿಸಿದರು. ಅದರಲ್ಲಿ ಪುಟಗಳು ಮಾತ್ರವಲ್ಲ, ಪುಟಗಳ ಲೆಕ್ಕವನ್ನು ಇಡುವ ಪಟ್ಟಿಗಳಿಗೆ ಬೇಕಾದ ಮೆಮೊರಿಯನ್ನು ಕೂಡ ಹೊರಗಿನ ಪ್ರೋಗ್ರಾಮುಗಳೇ ಒದಗಿಸಬೇಕು. ಕೇಂದ್ರದಲ್ಲಿ ಪುಟನೀತಿಯೆಂಬುದು ಉಳಿಯಲೇ ಇಲ್ಲ.

ವಿಚಿತ್ರವೆಂದರೆ, ದೊಡ್ಡ ಕೇಂದ್ರದ ಪಕ್ಷದವರೂ ಕಾಲಾಂತರದಲ್ಲಿ ಇದೇ ಬಾಗಿಲಿಗೆ ಬಂದರು. ಓಡುತ್ತಿರುವ ಮಿಥ್ಯಾಯಂತ್ರವೊಂದನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಸಾಗಿಸುವಾಗ, ಅದನ್ನು ಮೊದಲು ಅಲ್ಲಿ ಓಡಿಸಿ, ಬೇಕಾದ ಪುಟಗಳನ್ನು ಲೋಪವಾದಂತೆಲ್ಲ ಜಾಲದ ಮೂಲಕ ತರಿಸಿಕೊಳ್ಳುವುದು ಅನುಕೂಲವೆಂದು ಕಂಡುಬಂದಿತು. ಇದಕ್ಕಾಗಿ ಆಂಡ್ರಿಯಾ ಆರ್ಕಾಂಜೆಲಿ ಅವರು ರಚಿಸಿದ ಯೂಸರ್‌ಫಾಲ್ಟ್‌ಎಫ್‌ಡಿ ಎಂಬ ಸೌಲಭ್ಯವು ೨೦೧೫ರಲ್ಲಿ ಲಿನಕ್ಸಿನ ೪.೩ನೆಯ ಆವೃತ್ತಿಯಲ್ಲಿ ಸೇರಿತು. ಅದರ ಮೂಲಕ ಸಾಮಾನ್ಯ ಪ್ರೋಗ್ರಾಮೊಂದು ಪುಟಲೋಪದ ಸುದ್ದಿಯನ್ನು ಪಡೆದು, ಪುಟವನ್ನು ತುಂಬಿ, ಕಾಯುತ್ತಿರುವವನನ್ನು ಎಬ್ಬಿಸಬಲ್ಲದು. ೧೯೮೭ರ ಪೇಜರೇ ಬೇರೆ ವೇಷದಲ್ಲಿ ಬಂದಂತಾಯಿತು.

ಅದರೊಡನೆ ೧೯೮೭ರ ತೊಡಕೂ ಬಂದಿತು. ಲಿನಕ್ಸಿನಲ್ಲಿ ಕರ್ನೆಲ್ಲು ತಾನೇ ಪ್ರೋಗ್ರಾಮಿನ ಮೆಮೊರಿಯಿಂದ ಏನನ್ನಾದರೂ ನಕಲು ಮಾಡಿಕೊಳ್ಳುವಾಗಲೂ ಪುಟಲೋಪವಾಗಬಹುದು. ಆಗ ಹೊರಗಿನ ಪ್ರೋಗ್ರಾಮು ಬೇಕೆಂದೇ ಉತ್ತರ ಕೊಡದಿದ್ದರೆ, ಕರ್ನೆಲ್ಲು ತನ್ನ ಕೆಲಸದ ನಟ್ಟನಡುವೆ, ಆಕ್ರಮಣಕಾರನು ಬಯಸಿದ ಬಿಂದುವಿನಲ್ಲಿ, ಅವನು ಬಯಸಿದಷ್ಟು ಹೊತ್ತು ನಿಂತಿರುತ್ತದೆ. ಕ್ಷಣಾರ್ಧದಲ್ಲಿ ಮುಗಿದುಹೋಗುವುದರಿಂದ ದುರುಪಯೋಗಕ್ಕೆ ಸಿಗದಿದ್ದ ದೋಷಗಳು ಈ ಬಗೆಯ ವಿಳಂಬದಿಂದ ಸುಲಭವಾಗಿ ಕೈಗೆ ಸಿಕ್ಕಿದವು. ಕೇಂದ್ರವು ಹೊರಗಿನವನ ಉತ್ತರಕ್ಕಾಗಿ ಕಾಯಬಾರದೆಂಬ ಎಲ್೪ರ ಎಚ್ಚರಿಕೆಯು ಇಲ್ಲಿ ಇರಲಿಲ್ಲವಷ್ಟೆ. ೨೦೧೯ರ ೫.೨ನೆಯ ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಸಾಮಾನ್ಯರಿಗೆ ನಿಷೇಧಿಸಬಹುದಾದ ಏರ್ಪಾಡು ಬಂದಿತು. ೨೦೨೧ರ ೫.೧೧ನೆಯ ಆವೃತ್ತಿಯಿಂದ, ವಿಶೇಷಾಧಿಕಾರವಿಲ್ಲದ ಪ್ರೋಗ್ರಾಮುಗಳು ತಮ್ಮ ಸ್ವಂತ ಓಟದಲ್ಲಿ ಆಗುವ ಲೋಪಗಳನ್ನು ಮಾತ್ರ ನಿರ್ವಹಿಸಿಕೊಳ್ಳಬಹುದೆಂದೂ, ಕರ್ನೆಲ್ಲಿನ ಕೆಲಸದ ನಡುವೆ ಆಗುವ ಲೋಪಗಳನ್ನು ಮುಟ್ಟಕೂಡದೆಂದೂ ಗೊತ್ತುಪಡಿಸಲಾಯಿತು. ೨೦೨೨ರ ೬.೧ನೆಯ ಆವೃತ್ತಿಯಲ್ಲಿ ಇದಕ್ಕಾಗಿಯೇ ಒಂದು ಕಡತವನ್ನು ಇಟ್ಟು, ಅದನ್ನು ತೆರೆಯಲು ಯಂತ್ರದ ಒಡೆಯನಿಂದ ಅನುಮತಿಯನ್ನು ಪಡೆದವರಿಗೆ ಮಾತ್ರ ಪೂರ್ಣಾಧಿಕಾರವು ಸಿಗುವ ಮಾರ್ಗವನ್ನು ಕಲ್ಪಿಸಿದರು.